ಹೋಳಿ ಹೊತ್ತಿಗೆ ತಂದ ಜೋಳಕ್ಕೆ ಪಂಚಮಿಯಲ್ಲಿ ನುಸಿ ಯಾಕೆ?

ಪ್ರಶ್ನೆ: ನಾವು ಧಾರವಾಡದವರು, ಮನ್ಯಾಗ ನಾಲ್ಕು ಮಂದಿ. ಪ್ರತಿ ವರ್ಷ ಶಿವರಾತ್ರಿ ಆದಮ್ಯಾಲ ವರ್ಷಕ್ಕಂತ ಎರಡು ಚೀಲ ಬಿಳಿಜೋಳ, ಅರ್ಧ ಚೀಲ ಗೋದಿ, ಹತ್ತು ಕೆಜಿ ಹೆಸರುಕಾಳು ತಂದು ಇಡತೀವಿ. ತರೂಮುಂದ ಒಂದು ಹುಳಾನೂ ಇರೂದಿಲ್ಲ. ಒಂದು ದಿನ ಬಿಸಲಿಗೆ ಹಾಕಿ, ಬೇವಿನ ಸೊಪ್ಪು ಇಟ್ಟು, ದೊಡ್ಡ ತಗಡಿನ ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಹಾಕತೀವಿ. ಆದರೂ ನಾಗಪಂಚಮಿ ಹೊತ್ತಿಗೆ ಜೋಳದಾಗ ನುಸಿ, ಹೆಸರಿನ್ಯಾಗ ತೂತು. ಮಗ್ಗಲ ಮನಿಯವರು ಗುಳಗಿ ಹಾಕ್ರಿ ಅಂತಾರ. ನಮ್ಮ ಅತ್ತಿಯವರು, ಹಗೇವಿನ (ನೆಲದೊಳಗಿನ ಕಣಜದ) ಜೋಳಕ್ಕ ಯಾವ ಗುಳಗೀನೂ ಇರಲಿಲ್ಲ, ಆಗ ಹುಳಾ ಹತ್ತತಿರಲಿಲ್ಲ ಅಂತಾರ. ಏನು ಮಾಡಬೇಕು?

ಉತ್ತರ: ಗುಳಿಗೆ ಹಾಕಬೇಡಿ. ಕಾರಣ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ‘ತರುವಾಗ ಒಂದು ಹುಳವೂ ಇರುವುದಿಲ್ಲ’ ಎಂದಿರಲ್ಲ, ಅಲ್ಲಿಂದ ಶುರು ಮಾಡೋಣ. ಹುಳ ಇರುತ್ತದೆ. ಕಾಳಿನ ಹೊರಗಲ್ಲ, ಒಳಗೆ.

ಜೋಳ, ಗೋದಿಗಳಿಗೆ ಹತ್ತುವ ಮುಖ್ಯ ಹುಳ ಸೊಂಡಿಲ ಹುಳ. ಮೂರು ಮಿಲಿಮೀಟರ್ ಉದ್ದ, ಕರಿಗಂದು ಬಣ್ಣ, ಮುಂದೆ ಆನೆಯ ಸೊಂಡಿಲಿನಂಥ ಮೂತಿ. ಹೆಣ್ಣು ಹುಳ ಆ ಮೂತಿಯಿಂದ ಕಾಳಿಗೆ ಒಂದು ಸಣ್ಣ ಗುಳಿ ಕೊರೆದು, ಅದರಲ್ಲಿ ಒಂದೇ ಒಂದು ತತ್ತಿ ಇಟ್ಟು, ಮೇಲೆ ಅಂಟಿನಿಂದ ಮೆತ್ತಿಬಿಡುತ್ತದೆ. ಆಮೇಲೆ ಕಾಳು ಹಿಡಿದು ನೋಡಿದರೂ ಗುರುತು ಸಿಗುವುದಿಲ್ಲ. ಮರಿ ಒಳಗೇ ಹಿಟ್ಟು ತಿಂದು ಬೆಳೆದು, ಒಳಗೇ ಕೋಶ ಕಟ್ಟಿ, ಸುಮಾರು ಐದು ವಾರಕ್ಕೆ ಸಿಪ್ಪೆ ಕೊರೆದು ಹೊರಗೆ ಬರುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ನೂರೈವತ್ತಕ್ಕೂ ಹೆಚ್ಚು ತತ್ತಿ ಇಡಬಲ್ಲದು. ತೆನೆ ಹೊಲದಲ್ಲಿ ನಿಂತಾಗ, ಕಣದಲ್ಲಿ ರಾಶಿ ಬಿದ್ದಾಗ, ಅಡತಿ ಅಂಗಡಿಯ ಹಳೆ ಚೀಲಗಳ ಮಗ್ಗಲು ಇದ್ದಾಗ, ಎಲ್ಲಿ ಬೇಕಾದರೂ ಈ ತತ್ತಿ ಬಿದ್ದಿರಬಹುದು. ಮಾರ್ಚಿಯಿಂದ ಪಂಚಮಿವರೆಗೆ ಐದು ತಿಂಗಳು. ಅಂದರೆ ನಾಲ್ಕು ತಲೆಮಾರು. ನೀವು ಪಂಚಮಿಗೆ ನೋಡುವುದು ಮೊಮ್ಮಕ್ಕಳನ್ನು, ಮರಿಮಕ್ಕಳನ್ನು.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಚೀಲದ ಮೇಲಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಕಲಸಿ, ಎಣಿಸಿ ನೂರು ಕಾಳು ಗಾಜಿನ ಲೋಟದ ನೀರಿಗೆ ಹಾಕಿ ಚಮಚದಿಂದ ತಿರುವಿ. ಗಟ್ಟಿ ಕಾಳು ತಳಕ್ಕೆ ಹೋಗುತ್ತವೆ, ಒಳಗೆ ಟೊಳ್ಳಾದದ್ದು ತೇಲುತ್ತದೆ. ತೇಲಿದ್ದನ್ನು ಉಗುರಿನಿಂದ ಸೀಳಿ ನೋಡಿ. ಜೊಳ್ಳು ಕಾಳಾದರೆ ಒಳಗೆ ಸುಕ್ಕುಗಟ್ಟಿದ ತಿರುಳು ಅಷ್ಟೇ. ಹುಳ ಹೊಕ್ಕಿದ್ದರೆ ಬಿಳಿ ಪುಡಿ, ನಡುವೆ ಕಾಲಿಲ್ಲದ ದುಂಡನೆಯ ಬಿಳಿ ಮರಿ. ನೂರರಲ್ಲಿ ಎರಡು-ಮೂರು ಹುಳದ ಕಾಳು ಸಿಕ್ಕರೆ ಆ ಚೀಲ ವರ್ಷಕ್ಕೆ ಇಡುವಂಥದ್ದಲ್ಲ. ಒಂದೂ ಸಿಗದಿದ್ದರೂ ಹುಳ ಇಲ್ಲವೇ ಇಲ್ಲ ಎಂದಲ್ಲ. ಈಗಷ್ಟೇ ಇಟ್ಟ ತತ್ತಿಯ ಕಾಳು ತೇಲುವುದಿಲ್ಲ.

ಹಾಗಾಗಿ ಹುಳ ಬರದಂತೆ ತಡೆಯುವುದು ನಿಮ್ಮ ಕೈಯಲ್ಲಿಲ್ಲ. ಬಂದದ್ದು ಬೆಳೆಯದಂತೆ ಮಾಡುವುದು ಇದೆ. ಅದಕ್ಕೆ ಎರಡೇ ಕೆಲಸ: ಕಾಳು ಚೆನ್ನಾಗಿ ಒಣಗಬೇಕು, ಆಮೇಲೆ ಗಾಳಿ ಸಿಗಬಾರದು. ನೀವು ಮಾಡುತ್ತಿರುವುದು ಎರಡರದೂ ಅರ್ಧರ್ಧ.

ಒಣಗಿಸುವ ಕೆಲಸಕ್ಕೆ ವರ್ಷದಲ್ಲಿ ಶಿವರಾತ್ರಿ ಆದ ಮೇಲಿನ ಒಂದೂವರೆ ತಿಂಗಳಷ್ಟು ಒಳ್ಳೆಯ ಹೊತ್ತು ಬೇರೆ ಇಲ್ಲ. ಬೇವು ಹಳೆ ಎಲೆ ಉದುರಿಸಿ ಅಂಗಳ ಎರಡು ಸಲ ಕಸ ಹೊಡೆಯುವಂತಾದಾಗ, ಶ್ರಾವಣದಲ್ಲಿ ಉಬ್ಬಿ ಚೌಕಟ್ಟಿಗೆ ಸಿಗಿಬಿದ್ದ ಬಾಗಿಲು ತಾನಾಗಿ ಸಡಿಲಾದಾಗ, ಗಾಳಿ ಒಣಗಿದೆ ಎಂದು ತಿಳಿಯಿರಿ. ಇನ್ನೂ ಖಚಿತವಾದ ಅಳತೆ ನಿಮ್ಮ ಅಡಿಗೆಮನೆಯಲ್ಲೇ ಇದೆ: ಉಪ್ಪಿನ ಡಬ್ಬಿ. ಗಾಳಿಯ ತೇವ ಶೇಕಡಾ 75 ದಾಟಿದಾಗ ಉಪ್ಪು ನೀರು ಎಳೆದುಕೊಂಡು ಒದ್ದೆಯಾಗುತ್ತದೆ, ಅದಕ್ಕಿಂತ ಕಡಿಮೆ ಇದ್ದಾಗ ಎಳೆದುಕೊಳ್ಳುವುದಿಲ್ಲ. ಪುಡಿಉಪ್ಪು ಚಮಚದಿಂದ ಉಸುಕಿನ ಹಾಗೆ ಸುರಿಯುತ್ತಿದ್ದರೆ ಕಾಳು ಹರವಬಹುದು, ಡಬ್ಬಿ ತೆರೆಯಬಹುದು. ಉಪ್ಪು ಮುದ್ದೆಗಟ್ಟಿದ ದಿನ ಎರಡೂ ಬೇಡ. ಏಪ್ರಿಲ್ ನಡುವೆ ಅಶ್ವಿನಿ ಮಳೆ ಹುಟ್ಟುತ್ತದೆ, ಅಡ್ಡಮಳೆಯ ಗುಡುಗು ಶುರುವಾಗುತ್ತದೆ. ಅಷ್ಟರೊಳಗೆ ಜೋಳ ಡಬ್ಬಿ ಸೇರಿರಬೇಕು. ಧಾರವಾಡದವರಿಗೆ ಈ ಮಾತು ಹೆಚ್ಚು ಅನ್ವಯ. ಮಲೆನಾಡಿನ ಸೆರಗಿನ ಊರು ಅದು, ಮಳೆಗಾಲದ ತಂಪು ಗದಗ-ನರಗುಂದದ ಕಡೆಗಿಂತ ಬಹಳ. ಅಲ್ಲಿ ಗೋಣಿಚೀಲದಲ್ಲೇ ತಾಳಿಕೊಂಡ ಜೋಳ ಧಾರವಾಡದಲ್ಲಿ ತಾಳುವುದಿಲ್ಲ.

ಒಂದು ದಿನದ ಬಿಸಿಲು ಸಾಲದು. ಎಷ್ಟು ದಿನ ಎಂಬುದನ್ನು ಎಣಿಕೆಯಿಂದಲ್ಲ, ತೂಕದಿಂದ ಗೊತ್ತುಮಾಡಿ. ಮಾಳಿಗೆಯ ಮೇಲೆ 10 ಅಡಿಗೆ 12 ಅಡಿಯ ತಾಡಪಾಲ ಹಾಸಿದರೆ ನಿಮ್ಮ ಎರಡು ಚೀಲ, ಅಂದರೆ ಎರಡು ಕ್ವಿಂಟಲ್ ಜೋಳ ಸುಮಾರು ಒಂದು ಇಂಚು ದಪ್ಪಕ್ಕೆ ಹರಡುತ್ತದೆ. ಅದಕ್ಕಿಂತ ದಪ್ಪ ಬೇಡ. ಹರವುವ ಮೊದಲು ಅದೇ ಜೋಳದಲ್ಲಿ ಸರಿಯಾಗಿ ಒಂದು ಕೆಜಿ ತೂಗಿ, ಅಗಲ ತಾಟಿಗೆ ಹಾಕಿ, ತಾಡಪಾಲದ ಮಗ್ಗಲೇ ಇಡಿ. ಬೆಳಿಗ್ಗೆ ಒಂಬತ್ತಕ್ಕೆ ಹರವಿ ಸಂಜೆ ನಾಲ್ಕಕ್ಕೆ ತೆಗೆಯಿರಿ, ತಾಸಿಗೊಮ್ಮೆ ಕೈಯಾಡಿಸಿ ಮೇಲಿನದು ಕೆಳಗೆ ಮಾಡಿ. ಸಂಜೆ ತಾಟಿನ ಜೋಳ ತೂಗಿ. ನೂರಕ್ಕೆ 13 ಭಾಗ ತೇವ ಇದ್ದ ಜೋಳ 10ಕ್ಕೆ ಇಳಿದರೆ ಒಂದು ಕೆಜಿ 967 ಗ್ರಾಂ ಆಗುತ್ತದೆ. ಒಂದು ಸಂಜೆಗೂ ಮರುಸಂಜೆಗೂ ಇರುವ ವ್ಯತ್ಯಾಸ ನಾಲ್ಕೈದು ಗ್ರಾಂ ಒಳಗೆ ಬಂದಾಗ ಒಣಗುವುದು ಮುಗಿಯಿತು ಎಂದರ್ಥ. ಸಾಮಾನ್ಯವಾಗಿ ಮೂರು ದಿನ ಹಿಡಿಯುತ್ತದೆ. ದಾಸ್ತಾನಿಗೆ ಶೇಕಡಾ 12ರ ತೇವ ಸಾಕು ಎನ್ನುವುದು ವಾಡಿಕೆ. ಬೂಸ್ಟು ಬಾರದಿರಲು ಅದು ಸಾಕು. ಸೊಂಡಿಲ ಹುಳ ಮಾತ್ರ 12ರಲ್ಲೂ ನಿಧಾನವಾಗಿ ಸಂಸಾರ ನಡೆಸುತ್ತದೆ. ಒಂಬತ್ತು-ಹತ್ತರ ಹತ್ತಿರ ಬಂದಾಗಲೇ ಅದಕ್ಕೆ ಕಷ್ಟ.

ಹಲ್ಲಿಗೆ ಹಾಕಿ ಕಡಿದು ನೋಡುವ ಹಳೆಯ ರೂಢಿ ತಪ್ಪಲ್ಲ. ಒಣ ಕಾಳು ‘ಕಟ್’ ಎಂದು ಎರಡಾಗುತ್ತದೆ, ಹಸಿಯದು ಚಪ್ಪಟೆಯಾಗುತ್ತದೆ. ಆದರೆ ಹಲ್ಲಿಗೆ 13 ಯಾವುದು, 10 ಯಾವುದು ಗೊತ್ತಾಗದು. ತಕ್ಕಡಿಗೆ ಗೊತ್ತಾಗುತ್ತದೆ.

ರಾತ್ರಿ ಮಾಳಿಗೆಯ ಮೇಲೇ ಬಿಟ್ಟು ಮೇಲೆ ಚಾದರ ಹೊದಿಸುವವರಿದ್ದಾರೆ. ಹಗಲು ಬಿಟ್ಟ ತೇವವನ್ನು ಕಾಳು ರಾತ್ರಿ ಮತ್ತೆ ಕುಡಿಯುತ್ತದೆ. ಒಳಗೆ ತನ್ನಿ. ಇನ್ನೊಂದು ಸಣ್ಣ ಮಾತು: ಹುಬ್ಬಳ್ಳಿ ಕಡೆಯವರು ರಂಗಪಂಚಮಿಯ ದಿನ ಹರವಬೇಡಿ. ಓಕುಳಿಯ ಪುಡಿ ಮೂರು ಮಾಳಿಗೆ ಆಚೆಯಿಂದ ಹಾರಿ ಬರುತ್ತದೆ, ಜೋಳ ತೊಳೆಯುವ ವಸ್ತುವಲ್ಲ.

ಕೊನೆಯ ದಿನ ತೆಗೆದ ಜೋಳವನ್ನು ಬಿಸಿ ಇರುವಾಗಲೇ ಡಬ್ಬಿಗೆ ಸುರಿಯುವುದು ಬಹಳ ಮನೆಗಳಲ್ಲಿ ಆಗುವ ತಪ್ಪು. ಬಿಸಿ ಕಾಳಿನ ನಡುವಿನ ಗಾಳಿ ರಾತ್ರಿ ತಣ್ಣಗಾಗಿ ತಗಡಿನ ಒಳಮೈಗೆ ಬೆವರು ಹಿಡಿಯುತ್ತದೆ. ಅಂಚಿನ ಕಾಳು ಒದ್ದೆಯಾಗಿ ಅಲ್ಲಿಂದಲೇ ಬೂಸ್ಟು, ಮುಗ್ಗಲು ವಾಸನೆ. ಸಂಜೆ ಪಡಸಾಲೆಯಲ್ಲಿ ಹರವಿ, ತೆಳ್ಳನೆ ಧೋತರ ಮುಚ್ಚಿ, ಮರುದಿನ ಬೆಳಿಗ್ಗೆ ಕೈಗೆ ತಣ್ಣಗೆ ಹತ್ತಿದಾಗ ತುಂಬಿ. ತುಂಬುವ ಮೊದಲು ಮೊರದಲ್ಲಿ ಕೇರಿ, ಸಾಣಿಗೆ ಹಿಡಿದು ಹಸನು ಮಾಡಿ. ನುಚ್ಚು, ರವದಿ, ಧೂಳು ಇದ್ದಲ್ಲಿ ಹಿಟ್ಟು ತಿನ್ನುವ ಕೆಂಪು ಹುಳ ಬೆಳೆಯುತ್ತದೆ. ಅದಕ್ಕೆ ಇಡಿ ಕಾಳು ಕೊರೆಯುವ ಶಕ್ತಿ ಇಲ್ಲ, ಒಡೆದದ್ದೇ ಬೇಕು.

ಇನ್ನು ಡಬ್ಬಿ. ಎರಡು ಚೀಲ ಒಂದೇ ದೊಡ್ಡ ಡಬ್ಬಿಯಲ್ಲಿದ್ದು, ಹಿಟ್ಟು ಮುಗಿದಾಗಲೆಲ್ಲ ಮುಚ್ಚಳ ತೆಗೆಯುತ್ತಿದ್ದರೆ ಅದು ಬಿಗಿ ಡಬ್ಬಿಯೇ ಅಲ್ಲ. ಆಷಾಢದ ತೇವದ ಗಾಳಿ ಹತ್ತು ದಿನಕ್ಕೊಮ್ಮೆ ಒಳಗೆ ಹೋಗುತ್ತದೆ. ಜೋಳ ತಗ್ಗಿದಷ್ಟೂ ಮೇಲೆ ಖಾಲಿ ಜಾಗ, ಅಷ್ಟೂ ಹೊಸ ಗಾಳಿ. ಒಂದು ಕ್ವಿಂಟಲ್ ಜೋಳಕ್ಕೆ ಸುಮಾರು 130 ಲೀಟರ್ ಜಾಗ ಬೇಕು. ಎರಡು ಕ್ವಿಂಟಲ್‌ಗೆ 65-70 ಲೀಟರಿನ ನಾಲ್ಕು ಡಬ್ಬಿ ಮಾಡಿದರೆ ಒಂದೊಂದರಲ್ಲಿ 50 ಕೆಜಿ. ಜೊತೆಗೆ ದಿನಬಳಕೆಗೆ ಒಂದು 15 ಕೆಜಿಯ ಎಣ್ಣೆ ಡಬ್ಬಿ, ಅದರಲ್ಲಿ ಹನ್ನೆರಡೂವರೆ ಕೆಜಿ ಜೋಳ ಹಿಡಿಯುತ್ತದೆ. ನಾಲ್ಕು ಮಂದಿ ಒಂದು ಹೊತ್ತು ರೊಟ್ಟಿ ತಿನ್ನುವ ಮನೆಗೆ ದಿನಕ್ಕೆ ಅರ್ಧ ಕೆಜಿ ಎಂದರೆ ಅದು ಮೂರೂವರೆ ವಾರದ ಮಾತು. ದೊಡ್ಡ ಡಬ್ಬಿಗಳನ್ನು ಕಂಠಪೂರ್ತಿ ತುಂಬಿ. ಮೇಲೆ ಬೆರಳು ಇಡುವಷ್ಟೂ ಜಾಗ ಬೇಡ. ಮುಚ್ಚಳದ ಸುತ್ತ ಅಗಲ ಪ್ಲಾಸ್ಟಿಕ್ ಅಂಟುಪಟ್ಟಿ ಎರಡು ಸುತ್ತು ಸುತ್ತಿ, ಅದರ ಮೇಲೆ ತುಂಬಿದ ತಾರೀಖು ಬರೆಯಿರಿ. ಒಂದು ಮುಗಿಯುವವರೆಗೆ ಇನ್ನೊಂದಕ್ಕೆ ಕೈ ಹಚ್ಚಬೇಡಿ. ಡಬ್ಬಿಗಳು ನೆಲಕ್ಕೆ ತಾಗದಂತೆ ನಾಲ್ಕು ಇಂಚು ಎತ್ತರದ ಹಲಗೆಯ ಮೇಲೆ, ಗೋಡೆಗೆ ಅರ್ಧ ಅಡಿ ಬಿಟ್ಟು ಇರಲಿ. ಮಳೆಗಾಲದ ಗೋಡೆ ತಗಡಿಗೆ ತಂಪು ಕೊಡುತ್ತದೆ, ತಂಪಿನಲ್ಲಿ ಬೆವರು ಕಟ್ಟುತ್ತದೆ. ದಪ್ಪ ಪ್ಲಾಸ್ಟಿಕ್ಕಿನ ಗಾಳಿಯಾಡದ ಚೀಲಗಳೂ ಸಿಗುತ್ತವೆ, ಕೆಲಸ ಚೆನ್ನಾಗಿ ಮಾಡುತ್ತವೆ. ಇಲಿ ಇರುವ ಮನೆಯಲ್ಲಿ ಮಾತ್ರ ತಗಡೇ ಸರಿ.

ನೀವು ಬರೆಯದೆ ಬಿಟ್ಟ ಒಂದು ವಿಷಯ ಇದೆ ಎಂದು ನನ್ನ ಅಂದಾಜು. ಹೊಸ ಜೋಳ ಸುರಿಯುವಾಗ ಡಬ್ಬಿಯ ತಳದಲ್ಲಿ ಹಳೆಯದು ಮೂರು-ನಾಲ್ಕು ಸೇರು ಉಳಿದಿತ್ತೇ? ಅದನ್ನು ಮೇಲೆ ಹಾಕಿ ಮೊದಲು ಬಳಸೋಣ ಎಂದು ಹೊಸದರ ಮೇಲೇ ಸುರಿದಿರೇ? ಹಾಗಿದ್ದರೆ ಹುಳ ಹುಡುಕಿಕೊಂಡು ಹೊರಗೆ ಹೋಗಬೇಕಿಲ್ಲ. ಹಳೆಯದನ್ನು ಬೀಸಿ ಮುಗಿಸಿ. ಡಬ್ಬಿಯನ್ನು ಬಿಸಿನೀರು-ಸಾಬೂನಿನಿಂದ ತೊಳೆದು, ತಳದ ಮಡಿಕೆಯಲ್ಲಿ ಸಿಕ್ಕ ಹಿಟ್ಟನ್ನು ಬ್ರಶ್‌ನಿಂದ ತೆಗೆದು, ಎರಡು ದಿನ ಬಿಸಿಲಿಗೆ ಬೋರಲು ಹಾಕಿ. ತಂದ ಗೋಣಿಚೀಲ ಅಟ್ಟದ ಮೇಲೆ ಮಡಚಿಡಬೇಡಿ. ಅದರ ನೇಯ್ಗೆಯ ಸಂದಿಯಲ್ಲಿ ಹುಳ ತಿಂಗಳುಗಟ್ಟಲೆ ಕೂಡುತ್ತದೆ.

ಹಗೇವಿನ ವಿಷಯದಲ್ಲಿ ನಿಮ್ಮ ಅತ್ತೆಯವರ ಮಾತು ಪೂರಾ ಖರೆ. ನೆಲದೊಳಗಿನ ಆ ಹಗೆಗೆ ಸುತ್ತ ಹುಲ್ಲು-ರವದಿ ಹಾಕಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಹುಳ, ಕಾಳು ಎರಡೂ ಉಸಿರಾಡಿ ಇದ್ದ ಆಮ್ಲಜನಕ ಖರ್ಚು ಮಾಡಿ, ಇಂಗಾಲಾಮ್ಲ ತುಂಬಿ, ಹುಳ ತಾನೇ ಸಾಯುತ್ತಿತ್ತು. ಅದಕ್ಕೇ ಹಗೇವು ತೆರೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ನೋಡಿ, ಆರದಿದ್ದರೆ ಆಮೇಲೆ ಮನುಷ್ಯ. ಅವಸರ ಮಾಡಿದವರ ಜೀವ ಹೋದದ್ದೂ ಉಂಟು. ಆದರೆ ಗೋಡೆಗೆ ಹತ್ತಿದ ಜೋಳ ತಂಪು ಹಿಡಿದು ಕೆಡುತ್ತಿತ್ತು, ಉಳಿದದ್ದಕ್ಕೂ ಒಂದು ಘಾಟು ಬರುತ್ತಿತ್ತು. ಅದನ್ನು ಅತ್ತೆಯವರು ಈಗ ಮರೆತಿರಬಹುದು. ಕಂಠಪೂರ್ತಿ ತುಂಬಿ ಪಟ್ಟಿ ಸುತ್ತಿದ ಡಬ್ಬಿ ಎಂದರೆ ಮನೆಯೊಳಗಿನ ಸಣ್ಣ ಹಗೇವು.

ದೀಪದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಡಬ್ಬಿಯೊಳಗೆ ಮೇಣದ ಬತ್ತಿ ಹಚ್ಚಿಟ್ಟು ಮುಚ್ಚಳ ಹಾಕಿದರೆ ಗಾಳಿ ಎಲ್ಲ ಉರಿದುಹೋಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಗಾಳಿಯಲ್ಲಿ ಆಮ್ಲಜನಕ ಶೇಕಡಾ 21. ಅದು 16ರ ಹತ್ತಿರ ಬಂದಾಗಲೇ ಬತ್ತಿ ಆರುತ್ತದೆ. ಹುಳ ಸಾಯಬೇಕಾದರೆ 3ಕ್ಕಿಂತ ಕೆಳಗೆ ಇಳಿದು ಬಹಳ ದಿನ ಹಾಗೇ ಇರಬೇಕು. ಬತ್ತಿ ಸೋತಲ್ಲಿ ಹುಳ ಸೋಲುವುದಿಲ್ಲ.

ಬೇವಿನ ಸೊಪ್ಪು. ಹೋಳಿ ಹೊತ್ತಿಗೆ ಗಿಡದಲ್ಲಿರುವುದು ತಾಮ್ರದ ಬಣ್ಣದ ಎಳೆ ಚಿಗುರು. ಅದನ್ನು ಕಿತ್ತು ಹಾಗೇ ಡಬ್ಬಿಗೆ ಹಾಕಿದರೆ ಮೂರು ದಿನ ಕಷ್ಟಪಟ್ಟು ಹೊರಗೆ ಹಾಕಿದ ನೀರನ್ನು ನೀವೇ ಒಳಗೆ ಬಿಟ್ಟಂತೆ. ಹಾಕಲೇಬೇಕು ಎಂದಿದ್ದರೆ ಬಲಿತ ಎಲೆಯನ್ನು ನೆರಳಲ್ಲಿ ನಾಲ್ಕೈದು ದಿನ, ಮುಟ್ಟಿದರೆ ಪುಡಿಯಾಗುವವರೆಗೆ ಒಣಗಿಸಿ, ಬಟ್ಟೆಯ ಚೀಲ ಕಟ್ಟಿ ತಳಕ್ಕೊಂದು ಮೇಲಕ್ಕೊಂದು ಇಡಿ. ಬಿಡಿ ಎಲೆ ಹಾಕಿದರೆ ಚೂರು ಗಿರಣಿಗೆ ಹೋಗಿ ರೊಟ್ಟಿ ಕಹಿಯಾಗುತ್ತದೆ. ವಾಸನೆಗೆ ಹೊರಗಿನ ಹುಳ ಸ್ವಲ್ಪ ದೂರ ಉಳಿಯಬಹುದು, ಕಾಳಿನೊಳಗಿನ ಮರಿಗೆ ಅದು ಗೊತ್ತೇ ಆಗುವುದಿಲ್ಲ. ಬಳ್ಳೊಳ್ಳಿ, ಲವಂಗ, ಒಣಮೆಣಸಿನಕಾಯಿಗಳದೂ ಇದೇ ಕಥೆ. ಹಾಕಿದರೆ ತಪ್ಪಿಲ್ಲ, ಅವನ್ನೇ ನಂಬಬಾರದು.

ಈಗ ಗುಳಿಗೆ. ಧಾನ್ಯಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಗಾಳಿಯ ತೇವ ತಾಗಿ ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಅದು ಮುಚ್ಚಿದ ಗೋದಾಮಿಗೆ, ತರಬೇತಿ ಇದ್ದವರ ಕೈಗೆ. ಜನಸಾಮಾನ್ಯರಿಗೆ ಅದನ್ನು ಮಾರುವುದಕ್ಕೇ ನಿರ್ಬಂಧ ಇದೆ. ಜನ ಮಲಗುವ ಮನೆಯಲ್ಲಿ, ಸಂದಿ ಇರುವ ಡಬ್ಬಿಯಲ್ಲಿ ಇಟ್ಟರೆ ಅನಿಲ ರಾತ್ರಿ ಪಕ್ಕದ ಕೋಣೆಗೆ ಹರಿಯುತ್ತದೆ, ಮನೆಮಂದಿಯೇ ಸತ್ತ ಉದಾಹರಣೆಗಳಿವೆ. ವಿಷ ಏರಿದ ಮೇಲೆ ಅದಕ್ಕೆ ಪ್ರತಿಮದ್ದು ಇಲ್ಲ. ಪಾದರಸ ಬೆರೆತ ಗುಳಿಗೆಯೂ ಬೇಡ, ಬೋರಿಕ್ ಪುಡಿಯೂ ಬೇಡ, ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಯಂತೂ ಬೇಡವೇ ಬೇಡ. ಅಕ್ಕಿಗೆ ಹಚ್ಚಿದ ಪುಡಿ ಮೂರು ನೀರಲ್ಲಿ ತೊಳೆದಾಗ ಬಹುಪಾಲು ಹೋಗುತ್ತದೆ. ಜೋಳವನ್ನು ಯಾರೂ ತೊಳೆದು ಬೀಸುವುದಿಲ್ಲ. ಅದಕ್ಕೆ ಹಚ್ಚಿದ್ದು ಏನೇ ಇದ್ದರೂ ನೇರ ಪರಾತಕ್ಕೆ, ಅಲ್ಲಿಂದ ಹಂಚಿಗೆ.

ಹೆಸರಿನ ಹುಳ ಬೇರೆಯದೇ ಜಾತಿ, ಅದರ ಉಪಾಯವೂ ಬೇರೆ. ಅದು ತತ್ತಿಯನ್ನು ಕಾಳಿನ ಹೊರಮೈಗೆ ಅಂಟಿಸುತ್ತದೆ. ಹಸಿರು ಕಾಳಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಕಂಡರೆ ಅದೇ. ಹೊರಗೆ ಇರುವುದರಿಂದ ಎಣ್ಣೆ ಕೆಲಸ ಮಾಡುತ್ತದೆ. ಕೆಜಿಗೆ 5 ಮಿಲಿಲೀಟರ್, ಅಂದರೆ ನಿಮ್ಮ ಹತ್ತು ಕೆಜಿಗೆ 50 ಮಿಲಿಲೀಟರ್ ಔಡಲೆಣ್ಣೆ. ಒಂದೇ ಸಲ ಸುರಿಯದೆ ಅಂಗೈಗೆ ಹಚ್ಚಿಕೊಂಡು ಎಲ್ಲ ಕಾಳಿಗೂ ಮಿಂಚು ಬರುವವರೆಗೆ ತಿಕ್ಕಿ. ಎಣ್ಣೆಯ ಪದರು ತತ್ತಿಯ ಉಸಿರು ಕಟ್ಟುತ್ತದೆ. ಮಳೆಗಾಲಕ್ಕೆ ಮೊದಲೇ ಹಚ್ಚಬೇಕು. ಮರಿ ಕಾಳಿನೊಳಗೆ ಹೊಕ್ಕ ಮೇಲೆ ಪ್ರಯೋಜನ ಕಡಿಮೆ. ನೀವು ಶಿವರಾತ್ರಿಗೆ ಕೊಳ್ಳುವ ಹೆಸರು ಹೋದ ಮುಂಗಾರಿನದು, ಆರು ತಿಂಗಳು ಎಲ್ಲೋ ಇದ್ದು ಬಂದದ್ದು. ಆದ್ದರಿಂದ ಎಣ್ಣೆಗೆ ಮೊದಲು ಬಿಸಿಲಿನ ಪೆಟ್ಟು ಒಂದು ಬೇಕು: ಎರಡು ದಿನ ತೆರೆದ ಬಿಸಿಲಲ್ಲಿ ಒಣಗಿಸಿ, ಮೂರನೆಯ ದಿನ ಕರಿ ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ಇಂಚಿಗಿಂತ ತೆಳ್ಳಗೆ ಹರವಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ ಸುತ್ತಲೂ ಇಟ್ಟಿಗೆ ಹೇರಿ. ನಡುಮಧ್ಯಾಹ್ನ ಎರಡು ತಾಸು ಸಾಕು. ಕಾಳು 57 ಡಿಗ್ರಿಗೆ ಏರಿ ಒಂದು ತಾಸು ನಿಂತರೆ ತತ್ತಿ, ಮರಿ, ಹುಳ ಎಲ್ಲವೂ ಸಾಯುತ್ತವೆ. ಬೀಜಕ್ಕೆ ಇಡುವ ಕಾಳಿಗೆ ಇದನ್ನು ಮಾಡಬೇಡಿ. ಡಬ್ಬಿಗೆ ತುಂಬಿದ ಮೇಲೆ ತೊಳೆದು ಒಣಗಿಸಿದ ಸಣ್ಣ ಉಸುಕು ಮೂರು ಸೆಂಟಿಮೀಟರ್ ಮೇಲೆ ಹರಡಿದರೆ, ಹೊರಗಿಂದ ಬಂದ ಹುಳ ಕಾಳು ಮುಟ್ಟಲಾರದು. ಬೇಕಾದಾಗ ಸಾಣಿಗೆ ಹಿಡಿದರಾಯಿತು. ಇಷ್ಟು ಬೇಡ ಎನ್ನುವವರು ಅರ್ಧ ಬೇಳೆ ಒಡೆಸಿಡಿ. ಈ ಹುಳಕ್ಕೆ ದುಂಡನೆಯ ಇಡಿ ಕಾಳೇ ಇಷ್ಟ.

ಗೋದಿಗೆ ಜೋಳದ್ದೇ ಕ್ರಮ. ಶಾವಿಗೆಗೆಂದು ಜವೆಗೋದಿ ತರುವವರು ಹೊಟ್ಟು ಬಿಡಿಸದ್ದು ಸಿಕ್ಕರೆ ಹಾಗೇ ಇಟ್ಟು, ಬೇಕಾದಷ್ಟು ಮಾತ್ರ ಬಿಡಿಸಿಕೊಳ್ಳಲಿ. ಆ ಹೊಟ್ಟು ಹುಳಕ್ಕೆ ಗಟ್ಟಿ ಬಾಗಿಲು.

ಇಷ್ಟಾದರೂ ಶ್ರಾವಣದಲ್ಲಿ ಒಂದು ಡಬ್ಬಿಯಲ್ಲಿ ಹುಳ ಕಂಡಿತು ಎನ್ನೋಣ. ಆಗ ಧಾರವಾಡದಲ್ಲಿ ಬಿಸಿಲು ನಂಬಿ ಮಾಳಿಗೆ ಹತ್ತಬೇಡಿ, ಜೋಳ ಇನ್ನೂ ತೇವ ಹಿಡಿಯುತ್ತದೆ. ಸಾಣಿಗೆ ಹಿಡಿದು, ಹುಳವನ್ನು ಸಾಬೂನು ನೀರಿಗೆ ಬೀಳಿಸಿ. ಅಂಗಳಕ್ಕೆ ಚೆಲ್ಲಿದರೆ ಸಂಜೆಯೊಳಗೆ ವಾಪಸು ಬರುತ್ತವೆ. ಜೋಳವನ್ನು ಮೂರು ಕೆಜಿಯಂತೆ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ ಫ್ರಿಜ್ಜಿನ ಮೇಲಿನ ಬರ್ಫದ ಖಾನೆಯಲ್ಲಿ ನಾಲ್ಕೈದು ದಿನ ಇಡಿ, ತೆಗೆದ ಮೇಲೆ ಚೀಲ ಬಿಚ್ಚದೆ ಒಂದು ದಿನ ಹೊರಗಿಟ್ಟು ಆಮೇಲೆ ಬಿಚ್ಚಿ. ತಕ್ಷಣ ಬಿಚ್ಚಿದರೆ ಕಾಳಿಗೆ ನೀರು ಹಿಡಿಯುತ್ತದೆ. ಹುರಿದು ಹುಳ ಕೊಲ್ಲುವ ಉಪಾಯ ಜೋಳಕ್ಕೆ ಆಗದು, ಹಿಟ್ಟಿನ ಜಿಗಿ ಹೋಗಿ ಬಡಿಯುವಾಗ ರೊಟ್ಟಿ ಅಂಚು ಸೀಳುತ್ತದೆ. ಬೀಸಿದ ಹಿಟ್ಟನ್ನೂ ಹತ್ತು ದಿನಕ್ಕಿಂತ ಹೆಚ್ಚಿಗೆ ಇಡಬೇಡಿ. ಜೋಳದ ಹಿಟ್ಟಿನ ಎಣ್ಣೆಯಂಶ ಬೇಗ ಕೆಟ್ಟು ಕಹಿ ತಿರುಗುತ್ತದೆ, ಅದಕ್ಕೆ ಹುಳದ ಹಂಗೂ ಬೇಡ. ಹಿಡಿ ಜೋಳದಲ್ಲಿ ಅರ್ಧದಷ್ಟು ತೂತು ಬಿದ್ದಿದ್ದರೆ, ಕೈಗೆ ಹಿಟ್ಟು ಮೆತ್ತಿಕೊಂಡು ಹುಳಿವಾಸನೆ ಬಂದರೆ ಹಸನು ಮಾಡುತ್ತ ಕೂಡಬೇಡಿ. ಅದು ಕೋಳಿಗೆ. ಬೂಸ್ಟು ಹಿಡಿದಿದ್ದರೆ ಕೋಳಿಗೂ ಬೇಡ, ತಿಪ್ಪೆಗೆ.